ದಂಪತಿಯಾಗಿ ವಿದೇಶಕ್ಕೆ ಮಿಷನ್ ಸೇವೆ: ದಿನ ಹೇಗಿರುತ್ತೆ, ಹೊರಡೋ ಮುಂಚೆ ಏನೇನು ನೋಡ್ಕೋಬೇಕು?

ಎರಡುಚೀಲ (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ನಾನು ಮತ್ತು ನನ್ನ ಶ್ರೀಮತಿ ಲ್ಯಾಟರ್-ಡೇ ಸೇಂಟ್ಸ್ (ಮಾರ್ಮನ್) ಕ್ರೈಸ್ತ ಸಭೆಯ ಹಿರಿಯ ಮಿಷನರಿಗಳಾಗಿ 18 ತಿಂಗಳ ಸೇವೆಗೆ ಅರ್ಜಿ ಹಾಕಿದ್ದೇವೆ. ಮಿಷನ್ ಆಫೀಸಿನ ಕೆಲಸ ನಮಗೆ ಹೊಂದುತ್ತೆ ಅಂತ ತಿಳಿಸಿದ್ದೇವೆ. ದೇಶ ಯಾವುದು ಅಂತ ಕರೆಯ ಪತ್ರ ಬಂದ ಮೇಲೇ ಗೊತ್ತಾಗಬೇಕು.

ನನಗೆ 67 ವರ್ಷ, ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೊಳ್ತೀನಿ. ಶ್ರೀಮತಿಗೆ 63, ಮಂಡಿ ನೋವು. ಪ್ರಾರ್ಥನೆ, ಪಾಠ, ಉಪದೇಶದ ಬಗ್ಗೆ ಬೇಕಾದಷ್ಟು ಓದಿದ್ದೇವೆ. ಬೆಳಗ್ಗೆಯಿಂದ ಸಂಜೆವರೆಗೆ ನಿಜವಾಗಿ ಏನು ಕೆಲಸ ಇರುತ್ತೆ ಅನ್ನೋದನ್ನ ಮಾತ್ರ ಯಾರೂ ಬಿಡಿಸಿ ಹೇಳಲ್ಲ. ಯುವ ಮಿಷನರಿಗಳ ಹಾಗೆ ಮನೆಮನೆ ತಿರುಗಬೇಕಾ? ಮನೆ ಬಾಡಿಗೆ ಯಾರು ಕೊಡ್ತಾರೆ? ಔಷಧಿ ಎಷ್ಟು ತಿಂಗಳಿಗೆ ಒಯ್ಯಬೇಕು? ಊರಲ್ಲಿ ಮಗಳ ಹೆರಿಗೆಗೋ ಇನ್ಯಾವುದಕ್ಕೋ ಮಧ್ಯೆ ಬಂದು ಹೋಗಬಹುದಾ? ತಿಳಿದವರು ದಯವಿಟ್ಟು ವಿವರವಾಗಿ ಬರೀರಿ.

ಕೀಲಿಗೊಂಚಲು

ಸರ್, ಮನೆಮನೆ ತಿರುಗೋ ಕಡ್ಡಾಯ ಹಿರಿಯ ದಂಪತಿಗಿಲ್ಲ. ಯುವ ಮಿಷನರಿಗಳ ವೇಳಾಪಟ್ಟಿಯೂ ನಿಮಗೆ ಅನ್ವಯಿಸಲ್ಲ. ಎದೆ ಮೇಲೆ ಕಪ್ಪು ಹೆಸರುಫಲಕ ಇರುತ್ತೆ, ನಿಮ್ಮನ್ನ ಎಲ್ಡರ್ ಅಂತಲೂ ಅಮ್ಮನನ್ನ ಸಿಸ್ಟರ್ ಅಂತಲೂ ಕರೀತಾರೆ. ಭಾನುವಾರದ ಸಭೆ 2019ರಿಂದ ಎರಡು ಗಂಟೆಯದ್ದು. ಉಳಿದಂತೆ ಆಫೀಸ್ ದಂಪತಿಯ ದಿನ ಅಂದ್ರೆ ಬಹುತೇಕ ಬಾಡಿಗೆ ಕರಾರು, ಬಿಲ್ಲು, ಬೀಗದ ಕೈ, ವೀಸಾ, ಟಿಕೆಟ್ಟು, ಅಂಚೆ. ಇದು ಸಣ್ಣ ಕೆಲಸ ಅಂತ ಅನ್ನಿಸಬಹುದು. ಆದ್ರೆ ಹತ್ತೊಂಬತ್ತು ವರ್ಷದ ಹುಡುಗ ಪರದೇಶದಲ್ಲಿ ಕರೆಂಟಿಲ್ಲದ ಮನೇಲಿ ಕೂರೋದು, ಅವನ ವಾಸದ ಪರವಾನಗಿ ಮುಗಿದು ದಂಡ ಬೀಳೋದು, ಇವೆರಡೂ ನಿಮ್ಮ ಮೇಜಿನ ಮೇಲೇ ತಪ್ಪಬೇಕು.

ಮನೆಗಳದ್ದೇ ದೊಡ್ಡ ಪಾಲು. ಒಂದು ಮಿಷನ್‌ನಲ್ಲಿ, ಅಂದ್ರೆ ಒಬ್ಬ ಅಧ್ಯಕ್ಷರ ಕೆಳಗಿನ ಪ್ರದೇಶದಲ್ಲಿ, 150 ಯುವ ಮಿಷನರಿಗಳಿದ್ದಾರೆ ಅಂದುಕೊಳ್ಳಿ. ಬಹಳ ಕಡೆ ಇಬ್ಬಿಬ್ಬರು, ಕೆಲವು ಕಡೆ ನಾಲ್ವರು ಇದ್ದರೂ ಐವತ್ತರಿಂದ ಎಪ್ಪತ್ತು ಬಾಡಿಗೆ ಮನೆ ಆಯ್ತು. ಒಂದು ಎಕ್ಸೆಲ್ ಹಾಳೆ ಮಾಡ್ಕೊಳ್ಳಿ. ವಿಳಾಸ, ಮಾಲೀಕರ ಫೋನ್, ಅಡ್ವಾನ್ಸ್ ಎಷ್ಟು, ಕರೆಂಟ್ ಮತ್ತು ನೀರಿನ ಖಾತೆ ಸಂಖ್ಯೆ, ಕರಾರು ಮುಗಿಯೋ ದಿನ, ನೋಟಿಸ್ ಕೊಡೋಕೆ ಕೊನೆ ದಿನ, ಇಷ್ಟೂ ಬೇರೆ ಬೇರೆ ಕಾಲಂ. ಹಾಳೆಯನ್ನ ಕರಾರು ಮುಗಿಯೋ ದಿನದ ಪ್ರಕಾರ ಜೋಡಿಸಬೇಡಿ, ನೋಟಿಸಿನ ಕೊನೆ ದಿನದ ಪ್ರಕಾರ ಜೋಡಿಸಿ. ಜೂನ್ 30ಕ್ಕೆ ಮುಗಿಯೋ ಕರಾರಿಗೆ 60 ದಿನದ ನೋಟಿಸ್ ಅಂದ್ರೆ ನಿಮ್ಮ ಗಡುವು ಮೇ 1. ಅದು ದಾಟಿದ್ರೆ ಎಷ್ಟೋ ಕಡೆ ಕರಾರು ತಾನಾಗಿಯೇ ಇನ್ನೊಂದು ವರ್ಷ ಮುಂದುವರಿದು, ಖಾಲಿ ಮನೆಗೆ ಬಾಡಿಗೆ ಕಟ್ಟೋ ಹಾಗಾಗುತ್ತೆ.

ಅಡ್ವಾನ್ಸ್ ಮುಳುಗೋದಕ್ಕೆ ಕಾರಣ ಹೆಚ್ಚಾಗಿ ಒಂದೇ: ಮನೆಗೆ ಹೊಕ್ಕವರು ಬೇರೆ, ಬಿಡುವವರು ಬೇರೆ. ಸುಮಾರು ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಆಗೋದ್ರಿಂದ ಒಂದು ವರ್ಷದಲ್ಲಿ ಅದೇ ಮನೇಲಿ ಏಳೆಂಟು ಜನ ಇದ್ದು ಹೋಗಿರ್ತಾರೆ. ಗೋಡೆಯ ಕಲೆ ಮೊದಲೇ ಇತ್ತು ಅಂತ ಹೇಳೋಕೆ ಯಾರೂ ಉಳಿದಿರಲ್ಲ. ಕೀಲಿ ಕೈಗೆ ಬಂದ ದಿನವೇ ಪ್ರತಿ ಕೋಣೆಯ ನಾಲ್ಕು ಮೂಲೆ, ಸಿಂಕಿನ ಕೆಳಗೆ, ಕಮೋಡಿನ ಹಿಂದೆ, ಕಿಟಕಿಯ ಚೌಕಟ್ಟು, ಕರೆಂಟ್, ನೀರು, ಗ್ಯಾಸ್ ಮೂರೂ ಮೀಟರ್‌ಗಳ ರೀಡಿಂಗ್ ಫೋಟೋ ತೆಗೆದು ಮಾಲೀಕರಿಗೆ ಇಮೇಲ್ ಮಾಡಿಬಿಡಿ. ಇಮೇಲಿನ ತಾರೀಖೇ ಸಾಕ್ಷಿ.

ಕೀಲಿಗಳಿಗೆ ವಿಳಾಸ ಬರೆದ ಚೀಟಿ ಕಟ್ಟಬೇಡಿ, ಕಳೆದುಹೋದ್ರೆ ಸಿಕ್ಕವನಿಗೆ ಮನೆಯೇ ಸಿಕ್ಕ ಹಾಗೆ. ಬರೀ ಸಂಖ್ಯೆ ಹಾಕಿ, ಸಂಖ್ಯೆಗೆ ಎದುರು ವಿಳಾಸ ಆ ಹಾಳೆಯಲ್ಲಿರಲಿ. ಮನೆಗೊಂದು ಹೆಚ್ಚಿನ ಕೀಲಿ ಆಫೀಸಿನಲ್ಲಿರಲೇಬೇಕು.

ಮನೆ ತಪಾಸಣೆಗೆ ಹೋದಾಗ ಪಾತ್ರೆ ತೊಳೆದಿದ್ದಾರಾ ಅಂತ ನೋಡೋದು ಆಮೇಲೆ. ಮೊದಲು ಹೊಗೆ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡರ ಗುಂಡಿ ಒತ್ತಿ ಸದ್ದು ಕೇಳಿ. ಹಿಂಬದಿ ತಿರುಗಿಸಿ ತಯಾರಾದ ತಾರೀಖು ನೋಡಿ. ಹೊಗೆ ಅಲಾರಂ ಹತ್ತು ವರ್ಷಕ್ಕೆ ಬದಲಾಗಬೇಕು, ಕಾರ್ಬನ್ ಮೊನಾಕ್ಸೈಡಿನದ್ದು ಮಾದರಿ ಮೇಲೆ ಐದರಿಂದ ಹತ್ತು ವರ್ಷ. ಗುಂಡಿ ಒತ್ತಿದಾಗ ಕೂಗಿದ್ರೆ ಬ್ಯಾಟರಿ ಮತ್ತು ಸದ್ದು ಸರಿ ಇದೆ ಅಂತ ಅಷ್ಟೇ. ಒಳಗಿನ ಸಂವೇದಕ ಹಳೆಯದಾಗಿದ್ರೆ ಅದು ತೋರಿಸಲ್ಲ, ಅದಕ್ಕೇ ತಾರೀಖು ನೋಡಬೇಕು. ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸ್ ಗೀಸರ್, ಗ್ಯಾಸ್ ಹೀಟರ್ ಇರೋ ಮನೆಯಲ್ಲಿ ಚಳಿಗೆ ಅಂತ ಗಾಳಿಕಿಂಡಿಗೆ ಬಟ್ಟೆ ತುರುಕಿರ್ತಾರೆ, ಅದನ್ನ ಅಲ್ಲೇ ತೆಗೆಸಿ. ಅಲಾರಂ ಮಲಗೋ ಕೋಣೆಯ ಹತ್ತಿರ ಇರಬೇಕು, ಅಡುಗೆಮನೆ ಕಪಾಟಿನೊಳಗಲ್ಲ. ಕೂಗಾಟ ತಾಳದೆ ಬ್ಯಾಟರಿ ಕಿತ್ತಿಡೋರೂ ಇದ್ದಾರೆ. ಹಾಗೆ ಸಿಕ್ಕಿದ್ರೆ ಹೊಸ ಬ್ಯಾಟರಿ ಹಾಕಿಸಿ, ಸದ್ದು ಕೇಳಿಸಿಕೊಂಡೇ ಆ ಮನೆಯಿಂದ ಹೊರಡಿ.

ಟ್ರಾನ್ಸ್‌ಫರ್ ವಾರದಲ್ಲಿ ಬೇರೆ ಯಾವ ಕೆಲಸವನ್ನೂ ಇಟ್ಕೋಬೇಡಿ. ಹೊಸಬರ ಪಾಸ್‌ಪೋರ್ಟ್ ಪ್ರತಿ, ವೀಸಾ ಪುಟ, ವಿಳಾಸ ನೋಂದಣಿ, ಹೋಗೋರ ಟಿಕೆಟ್ಟು ಎಲ್ಲಾ ಮೂರ್ನಾಲ್ಕು ದಿನದಲ್ಲಿ ಬಂದು ಬೀಳುತ್ತೆ. ಟಿಕೆಟ್ಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರೋ ಹಾಗೇ ಅಕ್ಷರಕ್ಕೆ ಅಕ್ಷರ ಇರಬೇಕು. ಎದೆಯ ಹೆಸರುಫಲಕ ನೋಡಿ ಟೈಪ್ ಮಾಡಿದ್ರೆ ಕುಟುಂಬದ ಹೆಸರು ಮಾತ್ರ ಬಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ವಾಸದ ಪರವಾನಗಿಗಳಿಗೆ 90 ದಿನ ಮುಂಚಿತ ಜ್ಞಾಪನೆ ಇಡಿ. ಅರ್ಜಿಗೆ ಬೇಕಾದ ಪೊಲೀಸ್ ದೃಢೀಕರಣ ತರಿಸೋದಕ್ಕೇ ಅರ್ಧ ಸಮಯ ಹೋಗುತ್ತೆ.

ಬೆಳ್ಳಿಮೋಡ

ನಾನು ಔಷಧಿ ವಿಚಾರಕ್ಕೆ ಮಾತ್ರ ಬರೀತೀನಿ, ಯಾಕಂದ್ರೆ ಇನ್ಸುಲಿನ್ ತಗೊಳ್ಳೋರಿಗೆ ಒಂದು ಅಪಾಯ ಬಹಳ ಜನಕ್ಕೆ ಗೊತ್ತೇ ಇಲ್ಲ.

ಇನ್ಸುಲಿನ್ ಸೀಸೆಗಳು ಮುಖ್ಯವಾಗಿ ಎರಡು ಸಾಂದ್ರತೆಯಲ್ಲಿ ಬರುತ್ತವೆ. ಯು-40 ಅಂದ್ರೆ ಒಂದು ಮಿಲಿಲೀಟರಿಗೆ 40 ಯೂನಿಟ್, ಯು-100 ಅಂದ್ರೆ 100 ಯೂನಿಟ್. ಕೆಲವು ದೇಶಗಳಲ್ಲಿ ಯು-40 ಇನ್ನೂ ಸಾಮಾನ್ಯ, ಬಹಳಷ್ಟು ದೇಶಗಳಲ್ಲಿ ಸಿಗೋದೇ ಯು-100. ನೀವು ಒಯ್ದ ಯು-40 ಸಿರಿಂಜಿಗೆ ಅಲ್ಲಿ ಕೊಂಡ ಯು-100 ಇನ್ಸುಲಿನ್ ತುಂಬಿದ್ರೆ ಗೆರೆ 20 ತೋರಿಸಿದ್ರೂ ಒಳಗೆ ಹೋಗೋದು 50 ಯೂನಿಟ್. ಎರಡೂವರೆ ಪಟ್ಟು! ತಿರುಗಾಮುರುಗಾ ಆದ್ರೆ ಐದರಲ್ಲಿ ಎರಡು ಪಾಲು ಮಾತ್ರ ಹೋಗಿ ಸಕ್ಕರೆ ಏರುತ್ತೆ. ಸೀಸೆ ಬದಲಾದ ದಿನ ಹಳೇ ಸಿರಿಂಜನ್ನೆಲ್ಲ ಮನೆಯಿಂದಲೇ ಹೊರಗೆ ಹಾಕಿ. ಸಾಧ್ಯವಿದ್ರೆ ಹೊರಡೋಕೆ ಎರಡು ತಿಂಗಳ ಮುಂಚೆಯೇ ವೈದ್ಯರ ಸಲಹೆ ಮೇಲೆ ಪೆನ್ನಿಗೆ ಬದಲಾಯಿಸ್ಕೊಂಡು ಅಭ್ಯಾಸ ಮಾಡ್ಕೊಳ್ಳಿ.

ಗ್ಲುಕೋಮೀಟರಿನ ಅಂಕಿಯೂ ಹಾಗೆಯೇ. ಒಂದು ಕಡೆ 126 ಅಂತ ತೋರಿಸೋದನ್ನ ಇನ್ನೊಂದು ಕಡೆಯ ಯಂತ್ರ 7.0 ಅಂತ ತೋರಿಸುತ್ತೆ. ಮಿಲಿಗ್ರಾಂ ಲೆಕ್ಕವನ್ನ 18ರಿಂದ ಭಾಗಿಸಿದ್ರೆ ಮಿಲಿಮೋಲ್ ಲೆಕ್ಕ. ನಿಮ್ಮ ಕಡಿಮೆ ಮಿತಿ 70 ಅಂದ್ರೆ ಅಲ್ಲಿ 3.9. ಇವೆರಡನ್ನೂ ಚೀಟಿಯಲ್ಲಿ ಬರೆದು ಮೀಟರಿನ ಚೀಲದೊಳಗಿಡಿ, ರಾತ್ರಿ ಬೆವರಿ ಎದ್ದಾಗ ಭಾಗಾಕಾರ ಮಾಡೋಕಾಗಲ್ಲ. ಅಮ್ಮನಿಗೂ ಆ ಚೀಟಿ ಎಲ್ಲಿದೆ ಅಂತ ಗೊತ್ತಿರಲಿ.

ಪ್ರಯಾಣದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಬೇಕು. ಕೆಳಗಿನ ಸಾಮಾನಿನ ಜಾಗದಲ್ಲಿ ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ಮಾಮೂಲಿನಂತೆ ಕಂಡರೂ ಕೆಲಸಕ್ಕೆ ಬರಲ್ಲ. ತೆರೆಯದ್ದು 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರೋದು ಕೋಣೆಯ ತಾಪಮಾನದಲ್ಲಿ ಹೆಚ್ಚಿನ ಬಗೆಗಳಿಗೆ 28 ದಿನ. ನಿಮ್ಮ ಬಗೆಗೆ ಎಷ್ಟು ಅನ್ನೋದು ಡಬ್ಬಿಯೊಳಗಿನ ಹಾಳೆಯಲ್ಲಿರುತ್ತೆ. ಪೂರ್ವಕ್ಕೆ ಹೋದ್ರೆ ಆ ದಿನ ಚಿಕ್ಕದಾಗುತ್ತೆ, ಪಶ್ಚಿಮಕ್ಕೆ ಹೋದ್ರೆ ದೊಡ್ಡದು. ಯಾವ ಡೋಸು ಯಾವಾಗ, ಎಷ್ಟು ಅಂತ ವೈದ್ಯರ ಕೈಲಿ ಗಂಟೆವಾರು ಬರೆಸ್ಕೊಳ್ಳಿ.

ಎಷ್ಟು ತಿಂಗಳಿಗೆ ಒಯ್ಯಬೇಕು ಅಂದ್ರೆ, 18 ತಿಂಗಳಿನ ದಾಸ್ತಾನು ಒಯ್ಯೋ ಯೋಚನೆ ಬಿಟ್ಟುಬಿಡಿ. ಅವಧಿ ಮುಗಿಯುತ್ತೆ, ಕಸ್ಟಮ್ಸ್‌ನವರು ಮಾರಾಟಕ್ಕೆ ಅಂದ್ಕೋತಾರೆ. ಆ ದೇಶ ಒಪ್ಪುವುದಾದ್ರೆ ಮೂರು ತಿಂಗಳಿಗೆ ಸಾಕು. ಅಷ್ಟರೊಳಗೆ ಅಲ್ಲಿನ ವೈದ್ಯರೊಬ್ಬರನ್ನ ಕಂಡು ಚೀಟಿ ಬರೆಸ್ಕೋಬೇಕು. ಔಷಧಿಗಳು ಮೂಲ ಪೊಟ್ಟಣದಲ್ಲೇ ಇರಲಿ, ವಾರದ ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಚೀಟಿಯಲ್ಲಿ ಕಂಪನಿ ಹೆಸರಲ್ಲ, ಮೂಲ ರಾಸಾಯನಿಕದ ಹೆಸರು, ಪ್ರಮಾಣ ಬೇಕು. ಕಂಪನಿ ಹೆಸರು ಗಡಿ ದಾಟಿದ್ರೆ ಯಾರಿಗೂ ಅರ್ಥವಾಗಲ್ಲ. ಅಮ್ಮನ ಮಂಡಿ ನೋವಿಗೆ ಕೊಡೋ ಮಾತ್ರೆಯಲ್ಲಿ ಟ್ರಮಡಾಲ್, ಕೋಡೀನ್ ಥರದ್ದು ಏನಾದ್ರೂ ಇದೆಯಾ ಅಂತ ಖಂಡಿತ ನೋಡಿ, ಕೆಲವು ದೇಶಗಳಲ್ಲಿ ಮುಂಗಡ ಅನುಮತಿ ಇಲ್ಲದೆ ಅದನ್ನ ತರೋದು ಅಪರಾಧ. ನೆಗಡಿ ಮಾತ್ರೆ ಕೂಡ ಮಾಮೂಲಿ ಅಂದ್ಕೋಬೇಡಿ. ಜಪಾನಿನಲ್ಲಿ ಸ್ಯೂಡೋಎಫೆಡ್ರಿನ್ ಶೇಕಡ 10 ಮೀರಿದ ಮಾತ್ರೆ ತರುವಂತಿಲ್ಲ. ಕರೆಯ ಪತ್ರ ಬಂದ ವಾರವೇ ಆ ದೇಶದ ರಾಯಭಾರ ಕಚೇರಿಯ ಪಟ್ಟಿ ನೋಡಿ.

ಹೊಂಗೆನೆರಳು

ಹಣದ ಬಗ್ಗೆ. ದಂಪತಿ ತಮ್ಮ ಖರ್ಚಿನಲ್ಲೇ ಸೇವೆ ಮಾಡೋದು. ವಸತಿ ವೆಚ್ಚಕ್ಕೆ ಮಾತ್ರ 2011ರ ಸೆಪ್ಟೆಂಬರಿನಿಂದ ಒಂದು ಮಿತಿ ಬಂತು. ಆಗ ದಂಪತಿ ಕೊಡಬೇಕಾದ್ದು ತಿಂಗಳಿಗೆ ಹೆಚ್ಚೆಂದರೆ 1,400 ಡಾಲರ್ ಅಂತ ಇತ್ತು, ಮಿತಿಗಿಂತ ಜಾಸ್ತಿಯಾದ್ರೆ ಸಭೆ ಭರಿಸುತ್ತೆ. ನಿಮ್ಮ ಮಟ್ಟಿಗೆ ಎಷ್ಟು ಅನ್ನೋದಕ್ಕೆ ಕರೆಯ ಜೊತೆ ಬರೋ ಅಂಕಿಯೇ ಅಂತಿಮ. ಊಟ, ಓಡಾಟ, ಫೋನು, ಔಷಧಿ, ವಿಮೆ ಇದರ ಹೊರಗೆ. ಸೇವಾವಧಿ 6, 12, 18, 23 ತಿಂಗಳು ಅಂತ ಇದೆ. ವಿದೇಶಕ್ಕೆ 18ಕ್ಕಿಂತ ಕಡಿಮೆ ಅವಧಿಗೆ ಹೋಗೋರು ವಿಮಾನದ ಖರ್ಚನ್ನ ತಾವೇ ಹಾಕ್ಕೋಬೇಕು ಅಂತಲೂ ಆಗಲೇ ನಿಯಮ ಬಂದದ್ದು. ನೀವು 18 ಅಂತ ಹಾಕಿರೋದು ಒಳ್ಳೇದಾಯ್ತು. ಆಫೀಸ್ ಕೆಲಸ ಕಲಿಯೋಕೇ ಎರಡು ಮೂರು ತಿಂಗಳು ಹಿಡಿಯುತ್ತೆ. ಆರು ತಿಂಗಳಿಗೆ ಬಂದವರು ಕಲಿತು ಮುಗಿಸೋ ಹೊತ್ತಿಗೆ ಹೊರಡೋ ಹೊತ್ತಾಗಿರುತ್ತೆ. ಆಫೀಸಿನ ಮಟ್ಟಿಗೆ ಆರು ತಿಂಗಳ ಸೇವೆ ಬೇಡ ಅನ್ನೋದೇ ನನ್ನ ಅಭಿಪ್ರಾಯ.

ವಿಮೆ ತಗೊಳ್ಳುವಾಗ ಪ್ರವಾಸಿ ಪಾಲಿಸಿ ಸಾಲದು. ಒಂದೂವರೆ ವರ್ಷದ ವಾಸಕ್ಕೆ ಅದು ಬರೆದದ್ದೇ ಅಲ್ಲ, ಮೊದಲೇ ಇರೋ ಕಾಯಿಲೆಯನ್ನ ಹೊರಗಿಡುತ್ತೆ. ನಿಮಗೆ ಸಕ್ಕರೆ ಕಾಯಿಲೆ ಇದೆ ಅಂತ ಬರವಣಿಗೆಯಲ್ಲಿ ತಿಳಿಸಿ, ಅದಕ್ಕೂ ರಕ್ಷಣೆ ಇದೆ ಅಂತ ಬರವಣಿಗೆಯಲ್ಲೇ ಉತ್ತರ ತಗೊಳ್ಳಿ.

ಮಧ್ಯೆ ಊರಿಗೆ ಬರೋದು: ಹಿರಿಯ ದಂಪತಿಗೆ ಕುಟುಂಬದ ಮುಖ್ಯ ಸಂದರ್ಭಗಳಿಗೆ ಮಿಷನ್ ಅಧ್ಯಕ್ಷರ ಒಪ್ಪಿಗೆ ಪಡೆದು ಸ್ವಂತ ಖರ್ಚಿನಲ್ಲಿ ಕೆಲವು ದಿನ ಬಂದು ಹೋಗಲು ಅವಕಾಶ ಇದೆ. ಜನ ಎಡವೋದು ವೀಸಾದಲ್ಲಿ. ಒಂದೇ ಪ್ರವೇಶದ ವೀಸಾ ಇದ್ದರೆ, ಅಥವಾ ವಾಸದ ಪರವಾನಗಿ ಅರ್ಜಿ ಇನ್ನೂ ಪರಿಶೀಲನೆಯಲ್ಲಿದ್ದರೆ, ದೇಶ ಬಿಟ್ಟ ಕ್ಷಣ ವಾಪಸ್ ಬರೋ ಹಕ್ಕು ಹೋಗಬಹುದು. ಟಿಕೆಟ್ಟಿಗಿಂತ ಮೊದಲು ಮರುಪ್ರವೇಶದ ಅನುಮತಿ.

ಹೊರಡೋ ಮುಂಚಿನ ಕಾಗದ ಪತ್ರದಲ್ಲಿ ತಡವಾಗೋದು ವಿವಾಹ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ (ವಿದೇಶದಲ್ಲಿ ಒಪ್ಪೋ ಸರ್ಕಾರಿ ದೃಢೀಕರಣ) ಹಾಕಿಸೋದು. ಅಮ್ಮನ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಥರ, ವಿವಾಹ ಪತ್ರದಲ್ಲಿ ಇನ್ನೊಂದು ಥರ ಇದ್ರೆ ಮೊದಲು ಅದನ್ನ ಸರಿಮಾಡಿಸಿ. ಪಾಸ್‌ಪೋರ್ಟಿಗೆ ಸೇವೆ ಮುಗಿದ ಮೇಲೂ ಆರು ತಿಂಗಳು ಬಾಕಿ ಇರಬೇಕು, ಅಂದ್ರೆ ಹೊರಡೋ ದಿನ ಕಡಿಮೆ ಅಂದ್ರೂ ಎರಡು ವರ್ಷ. ಬ್ಯಾಂಕಿನ ಓಟಿಪಿ ಬರೋ ಸಿಮ್ ಬಂದ್ ಆಗದಂತೆ ರೋಮಿಂಗಿನಲ್ಲಿಟ್ಟು ಡೇಟಾ ಮಾತ್ರ ಆಫ್ ಮಾಡಿ. ಮನೆ, ಜಮೀನು, ತೆರಿಗೆ ವ್ಯವಹಾರಕ್ಕೆ ಮಕ್ಕಳಲ್ಲಿ ಒಬ್ಬರ ಹೆಸರಿಗೆ ಪವರ್ ಆಫ್ ಅಟಾರ್ನಿ ಇಲ್ಲೇ ಮಾಡಿಸಿ ಹೋಗಿ. ವಿದೇಶದಿಂದ ಮಾಡಿಸೋದು ದೂತಾವಾಸಕ್ಕೆ ಒಂದು ದಿನದ ಓಡಾಟ.

ಎರಡುಚೀಲ

ಎಲ್ಲರಿಗೂ ತುಂಬಾ ಧನ್ಯವಾದ. ಇನ್ಸುಲಿನ್ ವಿಷಯ ಓದಿ ಇವತ್ತೇ ಡಾಕ್ಟರಿಗೆ ಫೋನ್ ಮಾಡಿದೆ. ಇನ್ನೊಂದೆರಡು ಪ್ರಶ್ನೆ. ಜೋನ್ ಕಾನ್ಫರೆನ್ಸ್ (ಒಂದು ವಲಯದ ಮಿಷನರಿಗಳೆಲ್ಲ ಸೇರೋ ಸಮಾವೇಶ) ದಿನ ಹಿರಿಯ ದಂಪತಿಯೇ ಅಡುಗೆ ಮಾಡಿ ಹಾಕ್ತಾರೆ ಅಂತ ಕೇಳಿದೆವು. ಅರವತ್ತು ಜನಕ್ಕೆ ಮಾಡೋದು ಅಂದ್ರೆ ಶ್ರೀಮತಿಗೆ ಗಾಬರಿ. ಮತ್ತೆ, ಕಾರು ನಾವೇ ಓಡಿಸಬೇಕಾ?

ಕೀಲಿಗೊಂಚಲು

ಕಾರು ಕೊಟ್ರೆ ಓಡಿಸಬೇಕು. ಅಂತಾರಾಷ್ಟ್ರೀಯ ಚಾಲನಾ ಪರವಾನಗಿ 1949ರ ಒಪ್ಪಂದದ್ದಾದ್ರೆ ಒಂದು ವರ್ಷ, 1968ರದ್ದಾದ್ರೆ ಹೆಚ್ಚೆಂದರೆ ಮೂರು ವರ್ಷ, ಅದೂ ನಿಮ್ಮ ಮೂಲ ಲೈಸೆನ್ಸ್ ಜೊತೆಗಿದ್ರೆ ಮಾತ್ರ. ವಾಸದ ಪರವಾನಗಿ ಸಿಕ್ಕ ಮೇಲೆ ಇಷ್ಟು ತಿಂಗಳೊಳಗೆ ಸ್ಥಳೀಯ ಲೈಸೆನ್ಸ್ ಮಾಡಿಸಲೇಬೇಕು ಅನ್ನೋ ನಿಯಮ ಬಹಳ ದೇಶಗಳಲ್ಲಿದೆ. ಆ ಗಡುವು ದಾಟಿ ಅಪಘಾತವಾದ್ರೆ ವಿಮೆಯವರು ಕೈ ಎತ್ತುತ್ತಾರೆ. ಹಿಂದಕ್ಕೆ ತೆಗೆಯುವಾಗ ಜೊತೆಯಲ್ಲಿರೋರು ಇಳಿದು ಹಿಂದೆ ನಿಂತು ಸನ್ನೆ ಮಾಡಬೇಕು ಅನ್ನೋದು ಮಿಷನ್ ಕಾರುಗಳ ಪದ್ಧತಿ. ಮಂಡಿ ನೋವಿರೋರು ದಿನಕ್ಕೆ ಹತ್ತು ಸಲ ಇಳಿದು ಹತ್ತೋದು ಕಷ್ಟ, ಆದಷ್ಟೂ ನೇರ ಮುಂದಕ್ಕೇ ಹೊರಡೋ ಜಾಗದಲ್ಲಿ ನಿಲ್ಲಿಸಿ. ಮನೆ ಹುಡುಕುವಾಗಲೂ ಲಿಫ್ಟ್ ಅಥವಾ ನೆಲಮಹಡಿ ಬೇಕು ಅಂತ ಮೊದಲೇ ಬರೆದು ತಿಳಿಸಿ. ನೀವು ಬರೋಕೆ ಮುಂಚೆ ಕರಾರಿಗೆ ಸಹಿ ಆಗಿರುತ್ತೆ, ಬಂದ ಮೇಲೆ ಬದಲಾಯಿಸೋದು ಕಷ್ಟ.

ಸೌಟು

ಗಾಬರಿ ಬೇಡ ಅಂತ ಅಮ್ಮನಿಗೆ ಹೇಳಿ. ಅರವತ್ತು ಜನಕ್ಕೆ ಅನ್ನದ ಊಟ ಅಂತ ಇಟ್ಕೊಳ್ಳೋಣ. ಹತ್ತೊಂಬತ್ತು ಇಪ್ಪತ್ತರ ಪ್ರಾಯದವರಿಗೆ ತಲೆಗೆ 100 ಗ್ರಾಂ ಅಕ್ಕಿ ಹಿಡೀರಿ, 6 ಕಿಲೋ. ಬೆಂದ ಮೇಲೆ ಸುಮಾರು 15ರಿಂದ 18 ಕಿಲೋ ಆಗುತ್ತೆ. ಮೂಳೆಯಿಲ್ಲದ ಕೋಳಿಮಾಂಸ ತಲೆಗೆ 150 ಗ್ರಾಂ, 9 ಕಿಲೋ. ಹಸಿ ತರಕಾರಿ ತಲೆಗೆ 100 ಗ್ರಾಂ, ಕುಡಿಯೋ ನೀರು ಅರ್ಧ ಲೀಟರಿನಂತೆ 30 ಲೀಟರ್. ಮನೆಯ ಒಲೆಯಲ್ಲಿ 6 ಕಿಲೋ ಅಕ್ಕಿ ಒಂದೇ ಪಾತ್ರೆಗೆ ಹಾಕಿದ್ರೆ ತಳ ಹಿಡಿದು ಮೇಲೆ ಬೇಯದೆ ಉಳಿಯುತ್ತೆ. ಒಂದೂವರೆ ಕಿಲೋದಂತೆ ನಾಲ್ಕು ಸಲ ಮಾಡಿ, ಅಥವಾ ಎರಡು ಮೂರು ಮನೆಗೆ ಹಂಚಿ.

ಕೆಡೋದು ಅಡುಗೆಯಲ್ಲಲ್ಲ, ಕಾಯೋದರಲ್ಲಿ. ಕಾರ್ಯಕ್ರಮ ಒಂದು ಗಂಟೆ ತಡವಾಗೇ ಆಗುತ್ತೆ, ಅಷ್ಟು ಹೊತ್ತೂ ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವಿನ ಶಾಖದಲ್ಲಿ ಎರಡು ಗಂಟೆ ದಾಟಿದ್ದನ್ನ ಬಡಿಸಬೇಡಿ. ಅನ್ನದ ಬಗ್ಗೆ ವಿಶೇಷ ಎಚ್ಚರ. ಬೇಯಿಸಿದ್ರೂ ಸಾಯದ ಬೀಜಕಣಗಳು ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡ್ತವೆ, ಮತ್ತೆ ಕುದಿಸಿದ್ರೂ ಆ ವಿಷ ಹೋಗಲ್ಲ. ಹಿಂದಿನ ರಾತ್ರಿಯೇ ಮಾಡಿಡೋದಾದ್ರೆ ಅಗಲ ತಟ್ಟೆಗಳಲ್ಲಿ ಐದು ಸೆಂಟಿಮೀಟರಿಗಿಂತ ತೆಳ್ಳಗೆ ಹರಡಿ, ಹಬೆ ಹೋದ ಕೂಡಲೇ ಫ್ರಿಜ್ಜಿಗೆ. ಆಳದ ಪಾತ್ರೆಯಲ್ಲಿ ಹಾಗೇ ಇಟ್ಟರೆ ನಡುಭಾಗ ಬೆಳಗಿನವರೆಗೂ ಬೆಚ್ಚಗಿರುತ್ತೆ. ಕೋಳಿ ದಪ್ಪ ಭಾಗದೊಳಗೆ 74 ಡಿಗ್ರಿ ತಲುಪಿರಬೇಕು. ಚುಚ್ಚಿ ನೋಡೋ ಥರ್ಮಾಮೀಟರ್ ಒಂದು ಕೊಂಡಿಟ್ಕೊಳ್ಳಿ, ಕಣ್ಣಂದಾಜು ಬೇಡ.

ಯಾರಿಗೆ ಏನು ಆಗಿಬರಲ್ಲ ಅನ್ನೋ ಪಟ್ಟಿಯನ್ನ ಒಂದು ವಾರ ಮುಂಚೆ ತರಿಸ್ಕೊಳ್ಳಿ. ಕಡಲೆಕಾಯಿ, ಗೋಧಿ, ಹಾಲು, ಮೊಟ್ಟೆ ಅಲರ್ಜಿಯವರ ಊಟಕ್ಕೆ ಬೇರೆ ಸೌಟು, ಬೇರೆ ಡಬ್ಬಿ, ಮೇಲೆ ಹೆಸರು. ಬಡಿಸೋ ಮೇಜನ್ನ ಗೋಡೆಗೆ ಒತ್ತಿ ಹಾಕದೆ ನಡುವೆ ಹಾಕಿ, ಎರಡೂ ಬದಿಯಿಂದ ಸಾಲು ಬಿಡಿ. ಚಮಚ, ನ್ಯಾಪ್ಕಿನ್ ಕೊನೆಯಲ್ಲಿರಲಿ, ಮೊದಲೇ ಇಟ್ರೆ ಒಂದು ಕೈ ಕಟ್ಟಿಹಾಕಿದ ಹಾಗಾಗಿ ಸಾಲು ನಿಲ್ಲುತ್ತೆ. ಅಮ್ಮ ಕೂತು ಮಾಡೋ ಕೆಲಸ ಇಟ್ಕೊಳ್ಳಲಿ. ಎತ್ತೋದು, ತೊಳೆಯೋದು ಹುಡುಗರಿಗೆ ಹೇಳಿ, ಸಂತೋಷವಾಗಿ ಮಾಡ್ತಾರೆ.

ಇಲ್ಲಿಂದ ಮಿಕ್ಸಿ ಒಯ್ಯೋ ಆಸೆ ಇದ್ರೆ ಅದರ ಹಿಂಬದಿಗೆ ಅಂಟಿಸಿರೋ ಚೀಟಿ ಓದಿ. ಬರೀ 230 ವೋಲ್ಟ್ ಅಂತಿದ್ದದ್ದು 120 ವೋಲ್ಟಿನ ದೇಶದಲ್ಲಿ ತೆವಳುತ್ತೆ, 120ರದ್ದನ್ನ 230ಕ್ಕೆ ಚುಚ್ಚಿದ್ರೆ ಸುಟ್ಟುಹೋಗುತ್ತೆ. 100–240 ಅಂತ ಬರೆದಿರೋ ಚಾರ್ಜರ್‌ಗಳಿಗೆ ಮಾತ್ರ ಪ್ಲಗ್ ಅಡಾಪ್ಟರ್ ಸಾಕು.

ಹೊಂಗೆನೆರಳು

ಒಂದು ಸೇರಿಸ್ತೀನಿ. ಆಫೀಸ್ ದಂಪತಿಗೆ ಹತ್ತಿರದ ಬ್ರಾಂಚಿಗೆ (ಸಭೆಯ ಚಿಕ್ಕ ಸ್ಥಳೀಯ ಘಟಕ) ಆಸರೆಯಾಗಿರಿ ಅಂತಲೂ ಹೇಳ್ತಾರೆ. ಅಲ್ಲಿ ಪಿಯಾನೋ ನುಡಿಸೋದು, ಗುಮಾಸ್ತರ ಲೆಕ್ಕ ಬರೆಯೋದು ನಿಮ್ಮ ಕೈಗೇ ಬಂದುಬಿಡುತ್ತೆ, ಯಾಕಂದ್ರೆ ನಿಮಗೆ ಬರುತ್ತೆ, ಬಿಡುವೂ ಇದೆ. ತಗೊಳ್ಳಬೇಡಿ, ಸ್ಥಳೀಯರೊಬ್ಬರ ಪಕ್ಕದಲ್ಲಿ ಕೂತು ಅವರ ಕೈಲೇ ಮಾಡಿಸಿ. ದಶಮಾಂಶದ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ) ಲಕೋಟೆಗಳನ್ನ ಯಾವಾಗಲೂ ಇಬ್ಬರು ಕೂಡಿಯೇ ಒಡೆದು ಎಣಿಸಬೇಕು, ಮೊತ್ತ ಲಕೋಟೆ ಮೇಲಿನ ಬರಹಕ್ಕೆ ತಾಳೆ ನೋಡಬೇಕು, ಅದೇ ದಿನ ಬ್ಯಾಂಕಿಗೆ ಹೋಗಬೇಕು. "ನೀವು ನಂಬಿಕಸ್ಥರು, ಒಬ್ಬರೇ ಎಣಿಸಿಬಿಡಿ" ಅಂತ ಪ್ರೀತಿಯಿಂದಲೇ ಹೇಳ್ತಾರೆ. ಒಪ್ಪಬೇಡಿ, ಇಬ್ಬರಿರೋ ನಿಯಮ ಎಣಿಸೋರನ್ನ ಕಾಪಾಡೋಕೇ ಇರೋದು.

ಕೆಲಸ ಹಸ್ತಾಂತರಕ್ಕೆ ಮೊದಲ ವಾರದಿಂದಲೇ ಒಂದು ಪುಸ್ತಕ ಬರೀತಾ ಬನ್ನಿ. ನಿಮ್ಮ ಜಾಗಕ್ಕೆ ಬರೋರ ವೀಸಾ ತಡವಾಗಿ, ನೀವು ಹೋದ ಮೇಲೆ ಅವರು ಬರೋದೇ ಹೆಚ್ಚು. ಯಾವ ಬಿಲ್ಲು ತಿಂಗಳ ಎಷ್ಟನೇ ತಾರೀಖಿಗೆ, ಕಾಗದದಲ್ಲಿ ಬರುತ್ತಾ ಖಾತೆಯಿಂದ ತಾನಾಗಿ ಹೋಗುತ್ತಾ (ಎರಡೂ ಕಡೆ ಕಟ್ಟಿಬಿಡೋದು ಸಾಮಾನ್ಯ), ಯಾವ ಮಾಲೀಕರಿಗೆ ಫೋನ್ ಮಾಡಬೇಕು, ಯಾರಿಗೆ ಪತ್ರವೇ ಬೇಕು, ಪ್ಲಂಬರ್ ಯಾರು, ವಲಸೆ ಕಚೇರಿಯಲ್ಲಿ ಯಾವ ಕಿಟಕಿ, ಇವನ್ನೆಲ್ಲ ಬರೆದಿಡಿ. ಪಾಸ್‌ವರ್ಡ್‌ಗಳನ್ನ ಮಾತ್ರ ಆ ಪುಸ್ತಕದಲ್ಲಿ ಬರೀಬೇಡಿ. ಹೊರಡೋಕೆ ಎರಡು ವಾರ ಮುಂಚೆ ಅಧ್ಯಕ್ಷರ ಮೂಲಕ ಖಾತೆಗಳ ಪ್ರವೇಶವನ್ನ ಮುಂದಿನವರ ಹೆಸರಿಗೆ ಬದಲಾಯಿಸೋ ಅರ್ಜಿ ಹಾಕಿ, ಇಲ್ಲವಾದ್ರೆ ಬ್ಯಾಂಕಿನ ಓಟಿಪಿ ನೀವು ಊರಿಗೆ ಬಂದ ಮೇಲೂ ನಿಮ್ಮ ಫೋನಿಗೇ ಬರ್ತಿರುತ್ತೆ, ಅಲ್ಲಿ ಬಾಡಿಗೆ ಕಟ್ಟೋರಿಲ್ಲದೆ ನಿಂತಿರುತ್ತೆ.